ಅಜ್ಜಿಯ ಕೊರಳಲ್ಲಿ ನೀಲಿ ಸರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನೀಲಿ ಬಣ್ಣದ್ದು ಎಂದು ಹೇಳಿಕೊಳ್ಳುವಂಥ ಒಂದು ವಸ್ತುವೂ ಇರಲಿಲ್ಲ. ಗೋಡೆಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ, ಒಲೆಯ ಮೇಲಿನ ಮಡಕೆಗಳಿಗೆ ಮಸಿ. ಅವ್ವನ ಎರಡು ಸೀರೆಗಳಲ್ಲಿ ಒಂದು ಕೆಂಪು, ಇನ್ನೊಂದು ಹಸಿರು. ಅಜ್ಜಿಯ ಸೀರೆಯಂತೂ ಒಗೆದು ಒಗೆದು ಇಂಥದೇ ಬಣ್ಣ ಎಂದು ಹೇಳಲಾಗದಷ್ಟು ಮಾಸಿಹೋಗಿತ್ತು. ನೀಲಿ ನೋಡಬೇಕೆಂದರೆ ಕೆರೆ ಏರಿಯ ಮೇಲೆ ಕುಳಿತು ಮಿಂಚುಳ್ಳಿ ಹಾರುವುದನ್ನು ಕಾಯಬೇಕಿತ್ತು. ಅದಕ್ಕೇ ಇರಬೇಕು, ಆ ಶ್ರಾವಣದ ದಿನ ಒಂದು ನೀಲಿ ಸರ ನಮ್ಮ ಜಗಲಿಗೆ ಬಂದದ್ದು ನನಗೆ ನಿನ್ನೆ ನಡೆದಷ್ಟು ಚೆನ್ನಾಗಿ ನೆನಪಿದೆ.

ನಮ್ಮೂರು ಪಿರಿಯಾಪಟ್ಟಣದಿಂದ ಬೈಲಕುಪ್ಪೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ ಎಂದು ಮೊಮ್ಮಕ್ಕಳಾದ ನಿಮಗೆ ಗೊತ್ತು. ಆಗ ಅಲ್ಲೆಲ್ಲ ಕಾಡು. ಆ ಕಾಡನ್ನು ಕಡಿದು ಟಿಬೆಟಿನಿಂದ ಬಂದವರಿಗೆ ಜಾಗ ಕೊಟ್ಟಿದ್ದರು. ತಮ್ಮ ದೇಶದಲ್ಲಿ ಇರಲಾಗದೆ, ಹಿಮ ತುಂಬಿದ ಬೆಟ್ಟಗಳನ್ನು ನಡೆದು ದಾಟಿ ಬಂದವರು ಅವರು. ಮೊದಲು ಡೇರೆಗಳಲ್ಲಿ, ಆಮೇಲೆ ಬಿದಿರಿನ ಗುಡಿಸಲುಗಳಲ್ಲಿ ಇದ್ದರು. ಹಗಲೆಲ್ಲ ಮರ ಕಡಿಯುವುದು, ಬೇರು ಕೀಳುವುದು, ಸೌದೆ ರಾಶಿ ಹಾಕಿ ಸುಡುವುದೇ ಕೆಲಸ. ನಮ್ಮ ಜಗಲಿಯಿಂದ ನೋಡಿದರೆ ಆ ಕಡೆ ಯಾವಾಗಲೂ ಹೊಗೆ ಕಾಣುತ್ತಿತ್ತು.

ಅವರಲ್ಲಿ ಒಬ್ಬ ಹೆಂಗಸು ಬೆಣ್ಣೆಗೆಂದು ನಮ್ಮ ಮನೆಗೆ ಬರುತ್ತಿದ್ದರು. ಅಜ್ಜಿ ಕಡೆದ ಬೆಣ್ಣೆ ಎಂದರೆ ಅವರಿಗೆ ಬಲು ಇಷ್ಟ. ಬದಲಿಗೆ ಮುಸುಕಿನ ಜೋಳವನ್ನೋ ಕೈಯಲ್ಲೇ ನೂತ ಉಣ್ಣೆಯ ದಾರವನ್ನೋ ತಂದುಕೊಡುತ್ತಿದ್ದರು. ಬೆಣ್ಣೆಯನ್ನು ಅವರು ಟೀಗೆ ಹಾಕುತ್ತಾರೆ, ಜೊತೆಗೆ ಉಪ್ಪನ್ನೂ ಹಾಕುತ್ತಾರೆ ಎಂದು ತಿಳಿದ ದಿನ ಅಜ್ಜಿ ಕೈಯಲ್ಲಿದ್ದ ಬೆಣ್ಣೆಯ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಜೊತೆಯಲ್ಲಿ ಬರುತ್ತಿದ್ದ ಅವರ ಕಡೆಯ ಮಕ್ಕಳು ಆ ಹೆಂಗಸನ್ನು ‘ಅಮ ಲಾ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ‘ಲಾ’ ಅನ್ನುವುದು ಗೆಳೆಯರಿಗೆ. ಬಾರ್ಲಾ, ಹೋಗ್ಲಾ ಎಂದು ಹಿರಿಯರಿಗೆ ಅಂದರೆ ಬೆನ್ನಿಗೆ ಬೀಳುತ್ತಿತ್ತು. “ದೊಡ್ಡೋರ್ನ ಲಾ ಅಂತಾವಲ್ಲ ಈ ಐಕ್ಳು, ಯೋಳೋರು ಕೇಳೋರು ಇಲ್ವಾ?” ಎಂದು ಅಜ್ಜಿ ಅವ್ವನ ಹತ್ತಿರ ಬೇಜಾರು ಮಾಡಿಕೊಂಡಿದ್ದಳು. ಅವರ ಭಾಷೆಯಲ್ಲಿ ‘ಅಮ’ ಎಂದರೆ ಅಮ್ಮ, ‘ಲಾ’ ಮರ್ಯಾದೆಯ ಮಾತು, ನಾವು ‘ಅವರೇ’ ಎಂದು ಸೇರಿಸುತ್ತೇವಲ್ಲ ಹಾಗೆ ಎಂದು ಗೊತ್ತಾದ ಮೇಲೆ ಅಜ್ಜಿಯೂ ಅವರನ್ನು ಅಮಲಾ ಎಂದೇ ಕರೆಯತೊಡಗಿದಳು. ಅವರಿಬ್ಬರಿಗೂ ಹೆಚ್ಚು ಮಾತು ಬೇಕಿರಲಿಲ್ಲ. ಜಗಲಿಯಲ್ಲಿ ಅಕ್ಕಪಕ್ಕ ಕುಳಿತು, ಒಬ್ಬರು ಅವರೆಕಾಯಿ ಬಿಡಿಸಿದರೆ ಇನ್ನೊಬ್ಬರು ದಾರ ನೂಲುತ್ತಿದ್ದರು.

ಆ ದಿನ ಬೆಳಗಿನಿಂದ ಹಿಡಿದಿದ್ದ ಸೋನೆ ಸ್ವಲ್ಪ ಬಿಟ್ಟಿತ್ತು. ಹೊಗೆಸೊಪ್ಪು ಮುರಿಯುವ ಕಾಲ. ಅವ್ವ ಮತ್ತು ಅಕ್ಕ ಚಪ್ಪರದ ಕೆಳಗೆ ಕುಳಿತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಾನು ಎಲೆ ಎತ್ತಿಕೊಡುತ್ತಿದ್ದೆ. ಅಪ್ಪ ಸೌದೆ ತರಲು ಗಾಡಿ ಕಟ್ಟಿಕೊಂಡು ಹೋಗಿದ್ದ. ಅಮಲಾ ಬಂದರು. ಯಾವಾಗಲೂ ಕೈಯಲ್ಲಿರುತ್ತಿದ್ದ ಬೆಣ್ಣೆಯ ಡಬ್ಬಿ ಅವತ್ತು ಇರಲಿಲ್ಲ. ಬಟ್ಟೆಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮುತ್ತ ಬಂದು, ದಿನದಂತೆ ಅಜ್ಜಿಯ ಪಕ್ಕ ಕೂರದೆ ಜಗಲಿಯ ಆ ತುದಿಯಲ್ಲಿ ಕುಳಿತರು.

“ಮೈಸೂರು ಹೋಗ್ತೀನಿ, ಅಜ್ಜಿ,” ಎಂದರು. ನಮ್ಮ ಅಜ್ಜಿಯನ್ನು ಅವರೂ ಅಜ್ಜಿ ಎಂದೇ ಕರೆಯುತ್ತಿದ್ದರು. “ಆಸ್ಪತ್ರೆ. ಎದೆ ಕೆಟ್ಟಿದೆ. ಡಾಕ್ಟರು ಹೇಳಿದ್ರು, ಬಹಳ ದಿನ ಅಲ್ಲೇ ಇರಬೇಕು.”

ಅಜ್ಜಿಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಆ ಕಾಲದಲ್ಲಿ ಎದೆರೋಗ ಎಂದರೆ ಹೋದವರು ಬರುತ್ತಾರೆಂಬ ನಂಬಿಕೆ ಯಾರಿಗೂ ಇರುತ್ತಿರಲಿಲ್ಲ. ಅಮಲಾ ತಮ್ಮ ಉದ್ದನೆಯ ಅಂಗಿಯ ಎದೆಯೊಳಕ್ಕೆ ಕೈ ಹಾಕಿ ಒಂದು ಬಿಳಿಯ ಬಟ್ಟೆಯ ಗಂಟು ತೆಗೆದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬಿಚ್ಚಿದರು.

ಮಕ್ಕಳೇ, ಆ ಕ್ಷಣವನ್ನು ನಿಮಗೆ ಹೇಗೆ ಹೇಳಲಿ? ಬಟ್ಟೆಯ ಒಳಗೆ ಆಕಾಶದ ಚೂರುಗಳಿದ್ದವು. ಹುಣಸೆಬೀಜದಷ್ಟು ಕೆಲವು, ನೆಲ್ಲಿಕಾಯಿಯಷ್ಟು ಕೆಲವು. ಒಂದೂ ಸರಿಯಾಗಿ ದುಂಡಗಿರಲಿಲ್ಲ, ಬೆಟ್ಟದಿಂದ ಹೇಗೆ ಬಂದವೋ ಹಾಗೇ ಇದ್ದವು. ನೀಲಿ ಎಂದರೆ ಎಂಥ ನೀಲಿ! ಕೆಲವುಗಳ ಮೈಮೇಲೆ ಜೇಡನ ಬಲೆಯಂಥ ಕಪ್ಪು ಗೆರೆಗಳು. ನಡುನಡುವೆ ಕೆಂಪು ಹವಳ. ನನ್ನ ಕೈಯಿಂದ ಎಲೆಗಳು ಜಾರಿ ಬಿದ್ದವು. ಅಕ್ಕನೂ ಕಟ್ಟುವುದನ್ನು ಬಿಟ್ಟು ನೋಡುತ್ತಿದ್ದಳು. ಮೋಡದ ಮಬ್ಬಿನಲ್ಲೂ ಆ ಕಲ್ಲುಗಳು ತಮ್ಮ ಬೆಳಕು ತಾವೇ ತಂದುಕೊಂಡ ಹಾಗೆ ಇದ್ದವು. ಅದನ್ನು ಅವರ ಭಾಷೆಯಲ್ಲಿ ‘ಯು’ ಅನ್ನುತ್ತಾರೆ. ನಮ್ಮಲ್ಲಿ ಫಿರೋಜ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

“ನನ್ನ ಅಮ್ಮಂದು,” ಎಂದರು ಅಮಲಾ. “ಅವಳ ಅಮ್ಮಂದು. ನಾವು ಬರುವಾಗ ಕುರಿ ಬಿಟ್ಟೆವು, ಪಾತ್ರೆ ಬಿಟ್ಟೆವು, ಮನೆ ಬಿಟ್ಟೆವು. ಇದು ಬಂತು.” ಅವರು ಎದೆಯ ಮೇಲೆ ಕೈಯಿಟ್ಟು, ಮೈಗೆ ಅಂಟಿಸಿಕೊಂಡು ತಂದೆ ಎಂದು ತೋರಿಸಿದರು.

ಅಜ್ಜಿ ಒಳಗೆ ಹೋಗಿ ತನ್ನ ಮರದ ಪೆಟ್ಟಿಗೆ ತರಲು ಎದ್ದಳು. “ಪೆಟ್ಗೇಲಿ ಇಕ್ಕಿ ಬೀಗ ಆಕ್ತೀನಿ ಕಣವ್ವ. ನೀನು ವಾಸಿಯಾಗಿ ಬಾ, ನಿನ್ ಕೈಗೆ ಕೊಡ್ತೀನಿ.”

ಅಮಲಾ ಬೇಡ ಎಂದು ತಲೆಯಾಡಿಸಿದರು. ಪೆಟ್ಟಿಗೆಯಲ್ಲಿ ಇಟ್ಟರೆ ಆ ಕಲ್ಲು ಸಾಯುತ್ತದಂತೆ. ಮನುಷ್ಯರ ಮೈಯ ಕಾವು ಅದಕ್ಕೆ ಬೇಕು, ಇಲ್ಲದಿದ್ದರೆ ಬಣ್ಣ ಸೋರಿ ಬಿಳಿಚಿಕೊಳ್ಳುತ್ತದೆ ಎಂದು ಅವರ ಹಿರಿಯರು ಹೇಳುತ್ತಿದ್ದರಂತೆ. ಅದು ನಿಜವೋ ನಂಬಿಕೆಯೋ ನಾನು ಇವತ್ತೂ ಹೇಳಲಾರೆ. ಆದರೆ ಅಮಲಾ ಅದನ್ನು ಹೇಳಿದ ರೀತಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಒಡವೆ ಹಾಕಿಕೊಂಡಿರಲು ಬಿಡುವುದಿಲ್ಲವಂತೆ. ಅವರ ಕೇರಿಯವರೆಲ್ಲ ದಿನವಿಡೀ ಬಿಸಿಲಲ್ಲಿ, ಬೆಂಕಿಯ ಮುಂದೆ ಬೆವರುವವರು. ಬಿಸಿಲು, ಬೆಂಕಿ, ಬೆವರು ಮೂರೂ ಆ ಕಲ್ಲಿಗೆ ಆಗದು. ಅದಕ್ಕೆ ಅವರು ನಮ್ಮ ಮನೆಗೆ ಬಂದಿದ್ದರು. ನಮ್ಮಲ್ಲಿ ಯಾರಾದರೊಬ್ಬರು ಆ ಸರವನ್ನು ಹಾಕಿಕೊಂಡಿರಬೇಕಿತ್ತು.

ಅವ್ವ ಮೆಲ್ಲಗೆ ತನ್ನ ಕೈ ಚಾಚಿ ತೋರಿಸಿದಳು. ಹೊಗೆಸೊಪ್ಪಿನ ಅಂಟು ಹತ್ತಿ ಅಂಗೈ ಕಪ್ಪಾಗಿತ್ತು. ಆ ಅಂಟು ಏನು ಮಾಡಿದರೂ ಬೇಗ ಹೋಗುವಂಥದ್ದಲ್ಲ. ಅಮಲಾ ಆಗಲ್ಲ ಎಂದರು. ಅಕ್ಕನಿಗೆ ಆಸೆಯಾಗಿತ್ತು ಎಂದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಆದರೆ ಅವಳ ಜಡೆಯಿಂದ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು, ಶುಕ್ರವಾರವೆಂದು ಕೆನ್ನೆಗೆ ಕತ್ತಿಗೆ ಅರಿಸಿನ ಹಚ್ಚಿದ್ದಳು. ಅಮಲಾ ಸರದಲ್ಲಿದ್ದ ಒಂದು ಕಲ್ಲನ್ನು ಎತ್ತಿ ತೋರಿಸಿದರು. ಉಳಿದವೆಲ್ಲ ನೀಲಿಯಾಗಿದ್ದರೆ ಅದೊಂದು ಪಾಚಿಯ ಹಾಗೆ ಹಸಿರಾಗಿತ್ತು. “ಇದು ಬೆಣ್ಣೆ ಕುಡೀತು. ನಾನು ಚಿಕ್ಕವಳು, ಕೈಯಲ್ಲಿ ಬೆಣ್ಣೆ ಇತ್ತು, ಹಿಡಿದೆ. ನೀಲಿ ಹೋಯ್ತು. ಮತ್ತೆ ಬರಲ್ಲ.” ಕಲ್ಲು ಕುಡಿಯುತ್ತದೆ ಎಂಬ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ನಾನು ನೋಡಿದ ಕಲ್ಲುಗಳೆಲ್ಲ ಏನನ್ನೂ ಬೇಡದೆ ಸುಮ್ಮನೆ ಬಿದ್ದಿರುವಂಥವು.

ಆಮೇಲೆ ಅವರು ನನ್ನನ್ನು ಹತ್ತಿರ ಕರೆದು ಕತ್ತಿನ ಹಿಂದೆ ಬೆರಳಾಡಿಸಿ ನೋಡಿದರು. ಅಲ್ಲಿ ಬೆವರಿತ್ತು, ಮಣ್ಣಿತ್ತು, ಬೆಳಿಗ್ಗೆ ಕೆರೆಯಲ್ಲಿ ಮುಳುಗೆದ್ದದ್ದರ ಪಾಚಿಯ ವಾಸನೆಯೂ ಇತ್ತೇನೋ. ನಕ್ಕು ಕೆನ್ನೆ ತಟ್ಟಿ ಕಳಿಸಿದರು.

ಕೊನೆಗೆ ಅವರು ಅಜ್ಜಿಯ ಕಡೆ ತಿರುಗಿದರು.

“ನೀನು ಹಾಕು, ಅಜ್ಜಿ.”

ನೀವು ಇದನ್ನು ತಿಳಿದುಕೊಳ್ಳಬೇಕು. ಆಗಿನ ಕಾಲದಲ್ಲಿ ಗಂಡ ತೀರಿಹೋದರೆ ಹೆಂಗಸರು ಬಳೆ ಒಡೆದು, ತಾಳಿ ಬಿಚ್ಚಿ, ಬೊಟ್ಟು ಅಳಿಸಿ ಕುಳಿತುಬಿಡಬೇಕಿತ್ತು. ಅರಿಸಿನವಿಲ್ಲ, ಹೂವಿಲ್ಲ. ಮದುವೆ ಮನೆಯಲ್ಲೂ ಮುಂದೆ ನಿಲ್ಲುವಂತಿಲ್ಲ. ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗಲೇ ತಾತ ಹೋಗಿದ್ದರು. ಅವತ್ತಿನಿಂದ ಅಜ್ಜಿಯ ಕೊರಳಿಗೆ ಒಂದು ಕರಿಮಣಿಯೂ ಏರಿರಲಿಲ್ಲ.

“ನನ್ ಕೈಲಾಗದು ಬುಡವ್ವ,” ಎಂದಳು ಅಜ್ಜಿ. ಅವಳ ದನಿ ತಗ್ಗಿತ್ತು. “ಗಂಡ ಇಲ್ದೋಳು ನಾನು. ನಾನು ಸರ ಆಕ್ಕಂಡ್ರೆ ಜನ ಏನಂದಾರು?”

ಅಮಲಾ ಅವಳನ್ನೇ ನೋಡಿದರು. “ನಿನ್ನ ಕತ್ತು ಒಣಗಿದೆ. ಎಣ್ಣೆ ಇಲ್ಲ. ಅರಿಸಿನ ಇಲ್ಲ. ಹೂ ಇಲ್ಲ, ಗಂಧ ಇಲ್ಲ. ಕಲ್ಲಿಗೆ ಇದೇ ಒಳ್ಳೇದು.”

ಆ ‘ಇಲ್ಲ’ಗಳನ್ನು ನಮ್ಮ ಮನೆಯಲ್ಲಿ ಯಾರೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವೆಲ್ಲ ಸೇರಿ ಒಂದು ಕಲ್ಲಿಗೆ ಒಳ್ಳೆಯದಾಗಬಹುದು ಎಂದಂತೂ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ತನ್ನ ಕತ್ತನ್ನು ಒಮ್ಮೆ ಮುಟ್ಟಿಕೊಂಡಳು.

“ನನ್ನ ಗಂಡನೂ ಇಲ್ಲ,” ಎಂದರು ಅಮಲಾ. “ಬೆಟ್ಟದಲ್ಲಿ ಹೋದ, ಹಿಮದಲ್ಲಿ. ನಾನೂ ಇದನ್ನು ಕತ್ತಿಂದ ತೆಗೆದೆ, ಅಂಗಿ ಒಳಗೆ ಇಟ್ಟೆ. ಒಂದು ವರ್ಷ. ಆಮೇಲೆ ಹಾಕಿದೆ. ಅವನು ಹೋದ, ಇದೂ ಹೋಗಬೇಕಾ?”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಮತ್ತೆ ಕೆಮ್ಮು ಬಂತು. ಬಗ್ಗಿ, ಉಸಿರು ಸಿಗದೆ, ಬಹಳ ಹೊತ್ತು ಕೆಮ್ಮಿದರು. ಅವ್ವ ಎದ್ದು ಅಜ್ಜಿಯ ಹತ್ತಿರ ಬಂದಳು. ಅತ್ತೆಗೆ ಎಂದೂ ಎದುರು ಮಾತನಾಡಿದವಳಲ್ಲ. “ಆಕ್ಕಳಿ ಅತ್ತೆ,” ಎಂದಳು ಅಷ್ಟೆ.

ಅಜ್ಜಿ ಸೆರಗನ್ನು ಸರಿಸಿ ತಲೆ ಬಗ್ಗಿಸಿದಳು. ಅಮಲಾ ಎದ್ದು ಬಂದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರು ಹಿಡಿದು, ಸರವನ್ನು ಅವಳ ಕೊರಳಿಗೆ ಹಾಕಿ ಹಿಂದೆ ಗಂಟು ಕಟ್ಟಿದರು. ಅಜ್ಜಿ ತಲೆ ಎತ್ತಿದಳು. ನನಗೆ ಅವಳು ನನ್ನ ಅಜ್ಜಿಯೇ ಎಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಸುಕ್ಕುಗಟ್ಟಿದ ಕಂದು ಕೊರಳಿನ ಮೇಲೆ ಆ ನೀಲಿ ಹರಡಿ ಕೂತಿತ್ತು. ಒಂದು ದೊಡ್ಡ ಕಲ್ಲು ಸರಿಯಾಗಿ ಗಂಟಲ ಕುಳಿಯಲ್ಲಿ, ಅಲ್ಲಿಗೆಂದೇ ಹುಟ್ಟಿದ್ದು ಎನ್ನುವ ಹಾಗೆ ಇಳಿದಿತ್ತು. ಅಜ್ಜಿಯ ಬೆನ್ನು ತಾನಾಗಿ ನೆಟ್ಟಗಾಗಿತ್ತು. ದೇವಸ್ಥಾನದಲ್ಲಿ ಪರದೆ ಸರಿಸಿದಾಗ ಸುಮ್ಮನಾಗಿಬಿಡುತ್ತೇವಲ್ಲ, ನಾನೂ ಅಕ್ಕನೂ ಹಾಗೆ ನಿಂತುಬಿಟ್ಟೆವು.

ಅದನ್ನು ನೋಡಿಕೊಳ್ಳುವ ಬಗೆಯನ್ನು ಅಮಲಾ ಅಲ್ಲೇ ಹೇಳಿಕೊಟ್ಟರು. ಸ್ನಾನಕ್ಕೆ ಮೊದಲು ತೆಗೆಯಬೇಕು, ಬಟ್ಟೆ ಉಟ್ಟು ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಬೇಕು. ನೀರಲ್ಲಿ ನೆನೆಸಬಾರದು, ಸೋಪು ಸೋಕಿಸಬಾರದು. ಕೊಳೆಯಾದರೆ ಹಳೆಯ ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಕಲ್ಲನ್ನು ಒರೆಸಬೇಕು. ಹೆಚ್ಚೆಂದರೆ ಬಟ್ಟೆಯ ತುದಿಯನ್ನು ಚೂರು ಒದ್ದೆ ಮಾಡಿ ಒರೆಸಿ, ಕೂಡಲೇ ಒಣಬಟ್ಟೆ ಹಿಡಿಯಬೇಕು. ಒಲೆಯ ಮುಂದೆ ಕೂರುವಾಗ, ಬಿಸಿಲಿಗೆ ಹೋಗುವಾಗ ತೆಗೆದಿಡಬೇಕು. ಬೇರೆ ಒಡವೆಯ ಜೊತೆ ಇಡಬಾರದು, ಗೀರು ಬೀಳುತ್ತದೆ. ಅಜ್ಜಿಗೆ ಗೊತ್ತಿದ್ದದ್ದು ಹುಣಸೆಹಣ್ಣು, ಬೂದಿ, ಅಂಟುವಾಳ. ಚೊಂಬಿನಿಂದ ಹಿಡಿದು ಬೆಳ್ಳಿಯ ಕಡಗದವರೆಗೆ ಅವಳು ಇವುಗಳಲ್ಲೇ ಫಳಫಳ ಹೊಳೆಯಿಸುತ್ತಿದ್ದಳು. “ಹುಣಸೆಹಣ್ಣೂ ಬ್ಯಾಡ್ವಾ?” ಎಂದು ಕೇಳಿದಳು. ಅಮಲಾ ಗಾಬರಿಯಿಂದ ಕೈಯಾಡಿಸಿದರು. “ಎಳೇ ಮಗೀಗಿಂತ ನಾಜೂಕು ಬುಡು ಇದು,” ಎಂದಳು ಅಜ್ಜಿ. ಅವತ್ತು ಅವಳು ನಕ್ಕದ್ದು ಆಗಲೇ.

ಅಮಲಾ ಹೊರಟಾಗ ಅಜ್ಜಿ ಅವರನ್ನು ಊರ ಹೊರಗಿನ ಕಲ್ಲುಕಟ್ಟೆಯವರೆಗೆ ಕಳಿಸಿ ಬಂದಳು. ಆಮೇಲೆ ನಮ್ಮೆಲ್ಲರ ಮನಸ್ಸಿನಲ್ಲೂ ಒಂದೇ ಯೋಚನೆ. ಅಪ್ಪ ಬಂದರೆ ಏನು ಹೇಳುತ್ತಾನೆ? ಅಪ್ಪ ಕೆಟ್ಟವನಲ್ಲ, ಆದರೆ ಕಟ್ಟುನಿಟ್ಟಿನವನು. ಊರಿನ ನಾಲ್ಕು ಜನರ ಮಾತಿಗೆ ಬೆಲೆ ಕೊಡುವವನು. ಗಾಡಿಯ ಸದ್ದು ಕೇಳಿದ ಕೂಡಲೇ ಅಕ್ಕ ಒಳಗೆ ಹೋಗಿಬಿಟ್ಟಳು. ಅಜ್ಜಿ ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡಳು, ಮತ್ತೆ ಏನನ್ನಿಸಿತೋ, ಸರಿಸಿಯೇ ಕುಳಿತಳು.

ಅಪ್ಪ ಎತ್ತುಗಳನ್ನು ಕಟ್ಟಿ, ಕೈಕಾಲು ತೊಳೆದು, ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದವನು ಹಾಗೇ ನಿಂತ. ಅವ್ವ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಆಸ್ಪತ್ರೆ, ಕೆಮ್ಮು, ಪೆಟ್ಟಿಗೆಯಲ್ಲಿ ಇಟ್ಟರೆ ಕಲ್ಲು ಸಾಯುವುದು, ಎಣ್ಣೆ ಸೋಕಿದರೆ ಹಸಿರಾಗುವುದು. ಅಪ್ಪ ಅವಳ ಮಾತು ಕೇಳುತ್ತಿದ್ದನೋ ಇಲ್ಲವೋ. ಅವನ ಕಣ್ಣು ಅಜ್ಜಿಯ ಮುಖದ ಮೇಲೆಯೇ ಇತ್ತು. ತನ್ನ ತಾಯಿಯ ಕೊರಳಲ್ಲಿ ಏನಾದರೂ ಇದ್ದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದೊಡ್ಡ ಗಂಡಸು, ತಿಂಗಳ ಕೂಸು ದೀಪ ನೋಡುವ ಹಾಗೆ ನೋಡುತ್ತಿದ್ದ.

ಆಮೇಲೆ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಹೇಳಿದ: “ಅಂಗಾರೆ ಇನ್ಮೇಲೆ ನೀನು ಒಗ್ಗರಣೆ ಆಕಕ್ಕೆ ಓಗ್ಬ್ಯಾಡ ಕಣವ್ವ. ಎಣ್ಣೆ ಸಿಡೀತದೆ. ಇವ್ಳೇ ಆಕ್ಲಿ.”

ಅಷ್ಟೇ ಅವನು ಹೇಳಿದ್ದು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು.

ಆಮೇಲೆ ಊರಿನವರು ಮಾತನಾಡಲಿಲ್ಲವೆಂದಲ್ಲ. ಬಾವಿಯ ಹತ್ತಿರ ಒಬ್ಬಾಕೆ ಎಲ್ಲರಿಗೂ ಕೇಳುವ ಹಾಗೆ, “ಈ ವಯ್ಸಲ್ಲಿ ಇದ್ಯಾವ್ದು ಸಿಂಗಾರ?” ಎಂದಳು. ನಾನು ಅಜ್ಜಿಯ ಕೈ ಹಿಡಿದು ನಿಂತಿದ್ದೆ. ಅಜ್ಜಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಸಮಾಧಾನವಾಗಿ ಹೇಳಿದಳು: “ಸಿಂಗಾರ ಅಲ್ಲ ಕಣಮ್ಮಿ. ಕಾಯಿಲೆ ಬಿದ್ದೋರು ನಂಬಿ ಕೊಟ್ಟೋಗವ್ರೆ. ಕಾಯ್ತಾ ಇವ್ನಿ.” ಆಕೆ ಮತ್ತೆ ಆ ಮಾತು ಎತ್ತಲಿಲ್ಲ. ಸ್ವಲ್ಪ ದಿನಗಳಾದ ಮೇಲೆ ಆಕೆಯೇ ಬಂದು, ಅಜ್ಜಿ ಒರೆಸುವಾಗ ಪಕ್ಕದಲ್ಲಿ ಕುಳಿತು ನೋಡತೊಡಗಿದಳು.

ಒರೆಸುವ ಆ ಹೊತ್ತು ನನಗೆ ಹಬ್ಬದಂತೆ. ಬೆಳಗಿನ ಸ್ನಾನಕ್ಕೆ ಮೊದಲು ಅಜ್ಜಿ ಅಪ್ಪನ ಹಳೆಯ ಪಂಚೆಯ ತುಂಡನ್ನು ಹಾಸಿ ಅದರ ಮೇಲೆ ಸರವನ್ನು ಇಳಿಸುತ್ತಿದ್ದಳು. ನನ್ನ ಕೈ ತೊಳೆದು ಒಣಗಿದೆಯೇ ಎಂದು ತಿರುಗಿಸಿ ನೋಡಿ, ಆಮೇಲೆ ಮುಟ್ಟಲು ಬಿಡುತ್ತಿದ್ದಳು. ಬೆಟ್ಟದ ಕಲ್ಲು ಎಂದರೆ ತಣ್ಣಗಿರಬೇಕಲ್ಲವೇ? ಅವು ಬೆಚ್ಚಗಿರುತ್ತಿದ್ದವು. ಆ ಕಾವು ಅಜ್ಜಿಯದು. ಒಂದೊಂದೇ ಕಲ್ಲನ್ನು ಒರೆಸುವಾಗ ನಾನು ಆ ಕಪ್ಪು ಗೆರೆಗಳಲ್ಲಿ ದಾರಿಗಳನ್ನು ಹುಡುಕುತ್ತಿದ್ದೆ. ಅಮಲಾ ನಡೆದುಬಂದ ದಾರಿ ಇದರಲ್ಲೇ ಎಲ್ಲೋ ಇದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತಿತ್ತು. ಅಜ್ಜಿ ಮಾತ್ರ ಬೇರೆಯದನ್ನೇ ಹುಡುಕುತ್ತಿದ್ದಳು. ಪ್ರತಿ ಕಲ್ಲನ್ನೂ ಬೆಳಕಿಗೆ ಹಿಡಿದು, “ಬಣ್ಣ ನೆಟ್ಟಗೈತೆ. ಆಯಮ್ಮ ಬದುಕವ್ಳೆ,” ಎಂದುಕೊಂಡ ಮೇಲೆಯೇ ಸ್ನಾನಕ್ಕೆ ಏಳುತ್ತಿದ್ದಳು. ಮೈಸೂರಿನಿಂದ ಸುದ್ದಿ ತರುವವರು ಯಾರೂ ಇರಲಿಲ್ಲ. ಅವಳಿಗೆ ಸುದ್ದಿ ಕೊಡುತ್ತಿದ್ದದ್ದು ಆ ಕಲ್ಲುಗಳೇ.

ಹೊಗೆಸೊಪ್ಪು ಮುಗಿಯಿತು. ರಾಗಿ ಕೊಯ್ದು ಒಕ್ಕಣೆಯೂ ಆಯಿತು. ಯುಗಾದಿ ಕಳೆದು, ಹೊಂಗೆ ಹೂ ಅಂಗಳದಲ್ಲಿ ಉದುರುವ ಕಾಲ ಬಂತು. ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಯಾರೋ ಬಂದು ನನ್ನ ಹಿಂದೆ ನಿಂತರು. ತಿರುಗಿ ನೋಡಿದರೆ ಅಮಲಾ. ಅರ್ಧಕ್ಕರ್ಧ ಇಳಿದುಹೋಗಿದ್ದರು, ತಲೆಗೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಬೆಣ್ಣೆಯ ಡಬ್ಬಿ.

ಅಜ್ಜಿ ಒಳಗಿನಿಂದ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅಮಲಾ ಮೊದಲು ನೋಡಿದ್ದು ಅಜ್ಜಿಯ ಮುಖವನ್ನು, ಕಲ್ಲನ್ನಲ್ಲ. ಆಮೇಲೆ ಹತ್ತಿರ ಬಂದು ಒಂದೊಂದೇ ಕಲ್ಲನ್ನು ಬೆರಳಲ್ಲಿ ಮುಟ್ಟಿದರು. ಒಂದರ ಬಣ್ಣವೂ ಕೆಟ್ಟಿರಲಿಲ್ಲ. ಹೊಗೆಸೊಪ್ಪಿನ ಅಂಟು, ಒಲೆಯ ಜಿಡ್ಡು, ಬೇಸಿಗೆಯ ಬಿಸಿಲು ಎಲ್ಲವನ್ನೂ ದಾಟಿ ಅವು ಬಂದ ದಿನ ಇದ್ದ ಹಾಗೇ ಇದ್ದವು. ಅಜ್ಜಿ ಗಂಟು ಬಿಚ್ಚಲು ಕೈ ಹಿಂದಕ್ಕೆ ಒಯ್ದಳು. ದಿನವೂ ಬಿಚ್ಚುತ್ತಿದ್ದ ಗಂಟು ಅವತ್ತು ಬೆರಳಿಗೆ ಸಿಗಲಿಲ್ಲ. ಅಮಲಾ ಬಿಚ್ಚಿದರು.

ಅವರು ಜಗಲಿಯಲ್ಲಿ ಕುಳಿತು ಸರದ ದಾರವನ್ನೂ ಬಿಚ್ಚಿದರು. ಗಂಟಲ ಕುಳಿಯಲ್ಲಿ ಕೂರುತ್ತಿದ್ದ ಆ ದೊಡ್ಡ ಕಲ್ಲನ್ನು ಹೊರಗೆ ತೆಗೆದು, ತಾವು ನೂತ ಉಣ್ಣೆಯ ದಾರವನ್ನು ಬಿಗಿಯಾಗಿ ಹೊಸೆದು ಅದರಲ್ಲಿ ಪೋಣಿಸಿದರು. ಅಜ್ಜಿ ಬೇಡ ಬೇಡ ಎನ್ನುತ್ತಲೇ ಇದ್ದಳು.

“ಇದು ನಿನ್ನ ಮೈ ಕಲಿತಿದೆ,” ಎಂದರು ಅಮಲಾ. “ಈಗ ನನ್ನ ಹತ್ತಿರ ಬಂದರೆ ಅಳುತ್ತೆ.”

ಮತ್ತೆ ಅದನ್ನು ಅಜ್ಜಿಯ ಕೊರಳಿಗೆ ಅವರೇ ಕಟ್ಟಿ, ಉಳಿದ ಸರವನ್ನು ಪೋಣಿಸಿ ತಮ್ಮ ಕೊರಳಿಗೆ ಹಾಕಿಕೊಂಡರು. ಈ ಸಲ ಅಜ್ಜಿ ಜನ ಏನಂದಾರು ಎಂದು ಕೇಳಲಿಲ್ಲ. ಅವಳು ಒಳಗೆ ಹೋಗಿ ಬೆಣ್ಣೆ ತಂದಳು. ಕೊಡುವ ಮೊದಲು ಸರವನ್ನು ಎದೆಯೊಳಗೆ ಹಾಕಿಕೊಳ್ಳುವಂತೆ ಅಮಲಾಗೆ ಹೇಳಿದಳು, ಬೆಣ್ಣೆಯ ಕೈ ತಾಗೀತೆಂದು. ಅದನ್ನು ಕೇಳಿ ಅಮಲಾ ಕೆಮ್ಮಿಲ್ಲದೆ ನಕ್ಕರು.

ಈಗ ನೀವು ಬೈಲಕುಪ್ಪೆಗೆ ಸ್ಕೂಟರಿನಲ್ಲಿ ಹೋಗಿ ಮೋಮೋ ತಿಂದು ಬರುತ್ತೀರಿ. ಆಗ ಕಾಡು ಸುಡುತ್ತಿದ್ದ ಜಾಗದಲ್ಲಿ ಈಗ ಬಸ್ಸುಗಟ್ಟಲೆ ಜನ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಮ್ಮ ತರಗತಿಯಲ್ಲೇ ಟಿಬೆಟಿನವರ ಮೊಮ್ಮಕ್ಕಳಿದ್ದಾರೆ, ಅವರು ನಮಗಿಂತ ಚೆನ್ನಾಗಿ ನಮ್ಮೂರ ಕನ್ನಡ ಮಾತನಾಡುತ್ತಾರೆ. ಎದೆರೋಗಕ್ಕೆ ಮಾತ್ರೆ ಪಿರಿಯಾಪಟ್ಟಣದಲ್ಲೇ ಸಿಗುತ್ತದೆ. ನೀಲಿ ಬಣ್ಣವಂತೂ ಬಕೆಟಿನಿಂದ ಬ್ಯಾಗಿನವರೆಗೆ ಎಲ್ಲೆಲ್ಲೂ ಇದೆ, ನಿಮ್ಮ ಕಣ್ಣು ಅದರ ಮೇಲೆ ನಿಲ್ಲುವುದೂ ಇಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಹೋದ ವರ್ಷ ನಿಮ್ಮ ತಾತ ಹೋದಾಗ ನನ್ನ ಕೈಯ ಬಳೆಯನ್ನು ಒಡೆ ಎಂದು ಯಾರೂ ಹೇಳಲಿಲ್ಲ. ಹನ್ನೊಂದನೆಯ ದಿನ ನಿಮ್ಮಮ್ಮ ನನ್ನ ತಲೆ ಬಾಚಿ, ಹಿತ್ತಲಿನ ಮಲ್ಲಿಗೆಯನ್ನು ತಂದು ಮುಡಿಸಿದಳು. ನಾನು ತಲೆ ಬಗ್ಗಿಸಿ ಮುಡಿಸಿಕೊಂಡೆ. ನೀವು ಅಲ್ಲೇ ಕೂತು ಆಟವಾಡುತ್ತಿದ್ದಿರಿ, ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಆಟಕ್ಕೆ ಮರಳಿದಿರಿ. ಅದರಲ್ಲಿ ನೋಡುವಂಥದ್ದು ಏನಾದರೂ ಇದೆ ಎಂದೇ ನಿಮಗೆ ಅನ್ನಿಸಲಿಲ್ಲ.